ಹೊಸ ಸ್ಟೀಲ್ ಟೇಬಲ್‌ಗೂ ತುಕ್ಕು: ಕರಾವಳಿ ಹೋಟೆಲ್ ಅಡುಗೆಮನೆಗೆ ಒಂದು ಮಾರ್ಗದರ್ಶಿ

ಕಾರವಾರದಲ್ಲಿ ಊಟದ ಹೋಟೆಲ್ ಶುರು ಮಾಡಿದ ವರ್ಷ ಅಡುಗೆಮನೆಗೆಲ್ಲ ಹೊಸ ಸ್ಟೀಲ್ ಹಾಕಿಸಿದ್ದೆ. ಮೀನು ಹೆಚ್ಚುವ ಟೇಬಲ್, ಎರಡು ಗುಂಡಿಯ ಸಿಂಕು, ಒಲೆಯ ಮೇಲೆ ಹುಡ್, ಗೋಡೆಗೆ ರ‍್ಯಾಕು. ಮಾರ್ಚ್‌ನಲ್ಲಿ ಬಂದಾಗ ಮುಖ ನೋಡಿಕೊಳ್ಳುವಷ್ಟು ಹೊಳೆಯುತ್ತಿತ್ತು. ಮೇ ಮುಗಿಯುವ ಹೊತ್ತಿಗೆ ಟೇಬಲ್ಲಿನ ಕಾಲುಗಳ ಮೇಲೆ ಚಹಾ ಚೆಲ್ಲಿ ಒಣಗಿದಂಥ ಕಂದು ಕಲೆ. ಮಳೆ ಹಿಡಿದ ಮೇಲೆ ಸಿಂಕಿನ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆ. ಬೆರಳಾಡಿಸಿದರೆ ಸಣ್ಣ ಗುಂಡಿ ಸಿಗುತ್ತಿತ್ತು.

ಮಾಡಿಕೊಟ್ಟವರಿಗೆ ಫೋನ್ ಮಾಡಿದೆ. "ಸಮುದ್ರದ ಹತ್ರ ಹಂಗೇ ಸರ್, ನೀವು ತೊಳೆಯೋದು ಸರಿ ಇಲ್ಲ" ಅಂದರು. ಸಿಟ್ಟು ಬಂತು. ಆದರೆ ಆಮೇಲೆ ಗೊತ್ತಾಗಿದ್ದು, ಅವರ ಮಾತು ಅರ್ಧ ನಿಜ. ಬಿಲ್ಲಿನಲ್ಲಿ ಬರೆದ ಸ್ಟೀಲೇ ಬೇರೆ, ಕೊಟ್ಟ ಸ್ಟೀಲೇ ಬೇರೆ. ಅದು ಅವರ ತಪ್ಪು. ಆದರೆ ಅದೇ ಟೇಬಲ್ ಮೇಲೆ ದಿನಾ ರಾತ್ರಿ ಬ್ಲೀಚಿಂಗ್ ಪುಡಿ ಎರಚಿ, ತೊಳೆಯದೆ ಬೆಳಗಿನ ತನಕ ಬಿಡುತ್ತಿದ್ದವರು ನಾವೇ. ಸ್ವಚ್ಛ ಆಗಲಿ ಅಂತ ಮಾಡಿದ ಕೆಲಸವೇ ಸ್ಟೀಲನ್ನು ತಿಂದಿತ್ತು.

ಬೈತಖೋಲದಿಂದ ಭಟ್ಕಳದವರೆಗೆ ಕಡಲ ಪಕ್ಕ ಅಡುಗೆಮನೆ ನಡೆಸುವವರಿಗೆ, ಘಟ್ಟದ ಮೇಲೆ ಶಿರಸಿಯಲ್ಲಿ ಊಟದ ಹಾಲ್ ನೋಡಿಕೊಳ್ಳುವವರಿಗೆ ಉಪಯೋಗ ಆಗಲಿ ಅಂತ ನಾನು ಕಲಿತದ್ದನ್ನು ಬರೆಯುತ್ತಿದ್ದೇನೆ.

ಸ್ಟೀಲಿಗೆ ತುಕ್ಕು ಯಾಕೆ ಬರುತ್ತದೆ

ಸ್ಟೇನ್‌ಲೆಸ್ ಸ್ಟೀಲ್ ಅಂದರೆ ತುಕ್ಕೇ ಹಿಡಿಯದ ಲೋಹ ಅಲ್ಲ. ಅದು ಕಬ್ಬಿಣವೇ. ಅದರಲ್ಲಿ ಕನಿಷ್ಠ ಶೇ. 10.5ರಷ್ಟು ಕ್ರೋಮಿಯಂ ಸೇರಿರುತ್ತದೆ, ಅಷ್ಟೇ. ಈ ಕ್ರೋಮಿಯಂ ಗಾಳಿಯ ಆಮ್ಲಜನಕದ ಜೊತೆ ಸೇರಿ ಮೇಲ್ಮೈ ಮೇಲೆ ಒಂದು ಪೊರೆ ಕಟ್ಟುತ್ತದೆ. ಕಣ್ಣಿಗೆ ಕಾಣದಷ್ಟು ತೆಳು, ಕೆಲವೇ ನ್ಯಾನೋಮೀಟರ್. ಒಳಗಿನ ಕಬ್ಬಿಣವನ್ನು ಕಾಯುವುದು ಆ ಪೊರೆ. ಗೀರು ಬಿದ್ದರೂ ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ. ಆದರೆ ಅದಕ್ಕೆ ಎರಡು ಬೇಕು: ಮೇಲ್ಮೈ ಸ್ವಚ್ಛವಾಗಿರಬೇಕು, ಗಾಳಿ ತಾಗಬೇಕು.

ಈ ಪೊರೆಗೆ ದೊಡ್ಡ ವೈರಿ ಕ್ಲೋರೈಡ್. ಅಡುಗೆ ಉಪ್ಪು ಅಂದರೆ ಸೋಡಿಯಂ ಕ್ಲೋರೈಡ್. ಕಡಲ ಗಾಳಿಯಲ್ಲಿ ತೇಲಿ ಬರುವುದೂ ಅದೇ ಉಪ್ಪು. ಅದು ಪೊರೆಯನ್ನು ಒಂದು ಚುಕ್ಕೆಯಷ್ಟು ಜಾಗದಲ್ಲಿ ತೂತು ಮಾಡಿ ಅಲ್ಲೇ ಆಳಕ್ಕೆ ಇಳಿಯುತ್ತದೆ. ಅದಕ್ಕೇ ಸ್ಟೀಲಿನ ತುಕ್ಕು ಕಬ್ಬಿಣದ ಗೇಟಿನ ಹಾಗೆ ಹಾಳೆ ಹಾಳೆಯಾಗಿ ಏಳುವುದಿಲ್ಲ, ಚುಕ್ಕೆ ಚುಕ್ಕೆಯಾಗಿ ಬರುತ್ತದೆ.

ನಮ್ಮ ಕಡೆ ಈ ಕಾಟ ಜಾಸ್ತಿ ಯಾಕೆ ಅನ್ನುವುದು ಮನೆಯ ಉಪ್ಪಿನ ಭರಣಿ ನೋಡಿದರೆ ತಿಳಿಯುತ್ತದೆ. ಮಳೆಗಾಲದಲ್ಲಿ ಕಲ್ಲುಪ್ಪು ತಾನಾಗಿ ನೀರೊಡೆಯುತ್ತದಲ್ವಾ? ಗಾಳಿಯ ತೇವವನ್ನು ಅದು ಎಳೆದುಕೊಳ್ಳುತ್ತದೆ. ಟೇಬಲ್ ಮೇಲೆ ಕೂತ ಉಪ್ಪಿನ ಪುಡಿಯೂ ಹಾಗೇ ಮಾಡುತ್ತದೆ. ನೀವು ಒಣಗಿದೆ ಅಂದುಕೊಂಡ ಸ್ಟೀಲಿನ ಮೇಲೆ ರಾತ್ರಿಯಿಡೀ ತೆಳು ಉಪ್ಪುನೀರು ನಿಂತಿರುತ್ತದೆ. ಗೋಕರ್ಣದ ಹತ್ತಿರ ಸಾಣಿಕಟ್ಟಾದಲ್ಲಿ ಗದ್ದೆಯಲ್ಲಿ ಉಪ್ಪು ಬೆಳೆಯುವ ಕರಾವಳಿ ನಮ್ಮದು. ಅದರ ಒಂದು ಪಾಲು ಅಡುಗೆಮನೆಯ ಕಿಟಕಿಯಿಂದಲೂ ಒಳಗೆ ಬರುತ್ತದೆ ಅಂತ ನೆನಪಿಟ್ಟುಕೊಂಡರೆ ಸಾಕು.

ಇನ್ನೊಂದು ವಿಚಿತ್ರ ಗಮನಿಸಿದ್ದೇನೆ. ಕಾರವಾರದಲ್ಲಿ ವರ್ಷಕ್ಕೆ 3000 ಮಿ.ಮೀ. ದಾಟುವಷ್ಟು ಮಳೆ. ನೇರ ಮಳೆ ಬೀಳುವ ಸ್ಟೀಲ್ ರೇಲಿಂಗ್ ಚೆನ್ನಾಗಿಯೇ ಇರುತ್ತದೆ. ಸೂರಿನ ಕೆಳಗೆ, ಮಳೆ ತಾಗದೆ ಗಾಳಿ ಮಾತ್ರ ತಾಗುವ ಕಡೆ ಕಂದು ಕಲೆ ಮೊದಲು ಬರುತ್ತದೆ. ಮಳೆ ಉಪ್ಪನ್ನು ತೊಳೆದುಬಿಡುತ್ತದೆ, ಸೂರಿನ ಕೆಳಗೆ ತೊಳೆಯುವವರು ಯಾರೂ ಇಲ್ಲ. ಹಿಂದಿನ ಅಂಗಳದ ತಗಡಿನ ಮಾಡಿನ ಕೆಳಗೆ ಪಾತ್ರೆ ತೊಳೆಯುವ ಸಿಂಕು ಇಟ್ಟವರು ಇದನ್ನು ಮರೆಯಬಾರದು.

ಶಿರಸಿಯಲ್ಲಿ ಕಡಲ ಉಪ್ಪಿಲ್ಲ. ಅಲ್ಲಿಯ ತೊಂದರೆ ಬೇರೆ. ನಾಲ್ಕು ತಿಂಗಳು ಬಟ್ಟೆಯೇ ಒಣಗದ ಥಂಡಿ, ಸೌದೆ ಒಲೆಯ ಹೊಗೆ, ದೊಡ್ಡ ಊಟಗಳಲ್ಲಿ ಉಪ್ಪಿನಕಾಯಿ ತುಂಬಿಟ್ಟ ಬಕೆಟ್ಟು. ಉಪ್ಪು ಅಲ್ಲಿ ಗಾಳಿಯಿಂದಲ್ಲ, ಅಡುಗೆಯಿಂದ ಬರುತ್ತದೆ.

ಮೊದಲ ಕೆಲಸ: ನಿಮ್ಮ ಸ್ಟೀಲ್ ಯಾವುದು ನೋಡಿ

ಹೋಟೆಲ್ ಸಾಮಾನಿನಲ್ಲಿ ಸಾಮಾನ್ಯವಾಗಿ ಸಿಗುವುದು ಮೂರು ಬಗೆ, ಒಂದೊಂದನ್ನೂ ಒಂದು ನಂಬರಿನಿಂದ ಕರೆಯುತ್ತಾರೆ. ಅದೇ ಸ್ಟೀಲಿನ ಗ್ರೇಡ್. 304ರಲ್ಲಿ ಸುಮಾರು ಶೇ. 18 ಕ್ರೋಮಿಯಂ, ಶೇ. 8 ನಿಕ್ಕಲ್ ಇರುತ್ತದೆ. ಪಾತ್ರೆಗಳ ತಳದಲ್ಲಿ 18/8 ಅಂತ ಒತ್ತಿರುವುದು ಇದನ್ನೇ. 200ರ ಸಾಲಿನದು, ಅಂದರೆ 201, 202, ಇವುಗಳಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಹಾಕಿರುತ್ತಾರೆ. ನೋಡಲು 304ರಂತೆಯೇ, ಬೆಲೆ ಕಡಿಮೆ, ಉಪ್ಪಿಗೆ ತಾಳಿಕೆಯೂ ಕಡಿಮೆ. ಮೂರನೆಯದು 430. ಅದರಲ್ಲಿ ನಿಕ್ಕಲ್ ಇಲ್ಲವೆಂದೇ ಹೇಳಬೇಕು. ಫ್ರಿಜ್ಜಿನ ಬಾಗಿಲು, ಹುಡ್ಡಿನ ಹೊರಮೈಗೆ ಹಾಕುತ್ತಾರೆ.

ಅಂಗಡಿಯಲ್ಲಿ ಅಯಸ್ಕಾಂತ ಹಿಡಿದು "ನೋಡಿ, ಅಂಟಲ್ಲ, ಒರಿಜಿನಲ್" ಅನ್ನುತ್ತಾರೆ. ನಾನು ಮೋಸ ಹೋದದ್ದು ಇಲ್ಲೇ. ಅಯಸ್ಕಾಂತ 430ಕ್ಕೆ ಅಂಟುತ್ತದೆ, ಸರಿ. ಆದರೆ 304ಕ್ಕೂ ಅಂಟುವುದಿಲ್ಲ, 202ಕ್ಕೂ ಅಂಟುವುದಿಲ್ಲ! ಇವೆರಡರ ವ್ಯತ್ಯಾಸ ಅಯಸ್ಕಾಂತಕ್ಕೆ ಗೊತ್ತಾಗುವುದೇ ಇಲ್ಲ. ಮೇಲಾಗಿ 304ರ ತಗಡನ್ನು ಬಗ್ಗಿಸಿದ ಮೂಲೆಯಲ್ಲಿ ಸ್ವಲ್ಪ ಅಂಟುವುದೂ ಉಂಟು. ಗುಜರಿಯವರ ಹತ್ತಿರ ಸ್ಟೀಲ್ ಪರೀಕ್ಷೆಯ ದ್ರಾವಣ ಇರುತ್ತದೆ, ಒಂದು ಹನಿ ಹಾಕಿ ಬಣ್ಣ ನೋಡಿ ಹೇಳುತ್ತಾರೆ. ಹಣ ಕೊಡುವ ಮೊದಲು ಒಂದು ತುಂಡು ಒಯ್ದು ತೋರಿಸಿ. ಬಿಲ್ಲಿನಲ್ಲಿ ಗ್ರೇಡ್ ಬರೆಸಿಕೊಳ್ಳಿ.

ಕಡಲು ಕಾಣುವಷ್ಟು ಹತ್ತಿರ ಇದ್ದರೆ 316 ಅಂತ ಒಂದಿದೆ. ಅದರಲ್ಲಿ ಶೇ. 2ರಿಂದ 3 ಮಾಲಿಬ್ಡಿನಂ ಇರುವುದರಿಂದ ಉಪ್ಪನ್ನು ಜಾಸ್ತಿ ತಡೆಯುತ್ತದೆ. ದುಬಾರಿ. ಇಡೀ ಅಡುಗೆಮನೆಗೆ ಬೇಡ. ಮೀನಿನ ಸಿಂಕು ಒಂದಕ್ಕೆ ಹಾಕಿಸಿದರೆ ದುಡ್ಡು ದಂಡ ಅಲ್ಲ ಅಂತ ನನ್ನ ಅಭಿಪ್ರಾಯ.

ಹಳೆಯ ಸಾಮಾನು 202 ಅಂತ ಗೊತ್ತಾದರೆ ಎಸೆಯಬೇಡಿ. ಕೆಳಗೆ ಹೇಳುವುದನ್ನು ದಿನ ತಪ್ಪದೆ ಮಾಡಿ, ಅಷ್ಟೇ. 304 ಇದ್ದವರಿಗೆ ಒಂದೆರಡು ದಿನ ಮರೆತರೂ ನಡೆಯುತ್ತದೆ, 202 ಇದ್ದವರಿಗೆ ನಡೆಯುವುದಿಲ್ಲ.

ಹೊಸ ಸಾಮಾನಿನ ಮೇಲೆ ಅಂಟಿಸಿದ ಪ್ಲಾಸ್ಟಿಕ್ ಹಾಳೆಯನ್ನು ಬಂದ ದಿನವೇ ಕಿತ್ತುಹಾಕಿ. ಹೊಸತಾಗಿ ಕಾಣಲಿ ಅಂತ ವರ್ಷಗಟ್ಟಲೆ ಹಾಗೇ ಬಿಡುವವರನ್ನು ನೋಡಿದ್ದೇನೆ. ಅದರ ಅಂಚಿನಿಂದ ನೀರು, ಉಪ್ಪು ಒಳಗೆ ಹೋಗುತ್ತದೆ, ಗಾಳಿ ಹೋಗುವುದಿಲ್ಲ. ಪೊರೆ ಸಾಯುವುದಕ್ಕೆ ಇನ್ನೇನು ಬೇಕು?

ಅಡುಗೆಮನೆಯಿಂದ ಹೊರಗೆ ಹಾಕಬೇಕಾದವು

ತಂತಿ ಜುಂಗು ಮೊದಲು. ಕಬ್ಬಿಣದ ಎಳೆಯ ಜುಂಗಿನಿಂದ ಉಜ್ಜಿದರೆ ಅದರ ಸಣ್ಣ ಚೂರುಗಳು ಸ್ಟೀಲಿನ ಗೀರಿನಲ್ಲಿ ಸಿಕ್ಕಿಕೊಳ್ಳುತ್ತವೆ. ಮಾರನೇ ದಿನ ತುಕ್ಕು ಹಿಡಿಯುವುದು ಆ ಚೂರುಗಳು, ಬೈಗುಳ ತಿನ್ನುವುದು ಟೇಬಲ್ಲು. ತಂತಿ ಬ್ರಷ್ಷಿಗೂ ಇದೇ ಮಾತು. ಬದಲಿಗೆ ನೈಲಾನ್ ಸ್ಕ್ರಬ್ಬರ್ ಸಾಕು. ನಮ್ಮಲ್ಲಿ ಪಾತ್ರೆ ತೊಳೆಯುವ ಅಕ್ಕ ತೆಂಗಿನ ನಾರಿನ ಉಂಡೆಯನ್ನೇ ಬಳಸುತ್ತಾರೆ. ಗೀರು ಬೀಳುವುದಿಲ್ಲ, ಹಿತ್ತಲಲ್ಲೇ ಸಿಗುತ್ತದೆ. ನಾನು ಅಡ್ಡಿ ಮಾಡಿಲ್ಲ.

ಎರಡನೆಯದು ಟಾಯ್ಲೆಟ್ ತೊಳೆಯುವ ಆ್ಯಸಿಡ್. ಅದರಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ, ಹೆಸರಲ್ಲೇ ಕ್ಲೋರಿನ್ ಇದೆ. ನೆಲದ ಟೈಲ್ಸಿಗೆ ಹಾಕುವಾಗ ಸಿಡಿದ ಹನಿಯೂ ಟೇಬಲ್ಲಿನ ಕಾಲನ್ನು ಕಪ್ಪು ಮಾಡುತ್ತದೆ. ಅದರ ಹೊಗೆಯೂ ಒಳ್ಳೆಯದಲ್ಲ. ಇನ್ನೊಂದು ಅಪಾಯ ಜೀವಕ್ಕೇ ಸಂಬಂಧಿಸಿದ್ದು: ಬ್ಲೀಚಿಂಗ್ ಪುಡಿ ಹಾಕಿದ ಜಾಗಕ್ಕೆ ಆ್ಯಸಿಡ್ ಹಾಕಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿ ಮುಚ್ಚಿದ ಅಡುಗೆಮನೆಯಲ್ಲಿ ಉಸಿರು ಕಟ್ಟುತ್ತದೆ. ಬ್ಲೀಚಿನ ಜೊತೆ ವಿನೆಗರ್ ಸೇರಿದರೂ ಹೀಗೇ. ಬ್ಲೀಚನ್ನೂ ಇಂಥ ಆಮ್ಲಗಳನ್ನೂ ಒಂದೇ ಕಪಾಟಿನಲ್ಲಿ ಇಡಲೇಬೇಡಿ.

ಮೂರನೆಯದು ಉಪ್ಪು, ಹುಣಸೆಹಣ್ಣಿನ ಉಜ್ಜಾಟ. ತಾಮ್ರ, ಹಿತ್ತಾಳೆಗೆ ಅಜ್ಜಿ ಕಾಲದಿಂದ ಮಾಡಿದ್ದು, ಅವಕ್ಕೆ ಅದೇ ಸರಿ. ಸ್ಟೀಲಿಗೆ ಅಲ್ಲ. ಹುಳಿ ಒಂದೇ ಆದರೆ ಅಡ್ಡಿಯಿಲ್ಲ, ಉಪ್ಪು ಸೇರಿದರೆ ಕೆಟ್ಟದ್ದು.

ದಿನಾ ರಾತ್ರಿ ಮಾಡುವ ಕೆಲಸ

ಗಿರಾಕಿ ಖಾಲಿಯಾದ ಮೇಲೆ ಎಲ್ಲರಿಗೂ ಮನೆಗೆ ಹೋಗುವ ಅವಸರ. ಹೀಗಾಗಿ ಕ್ರಮ ಒಂದೇ ಇರಲಿ, ದಿನವೂ ಅದೇ ಇರಲಿ.

ಮೊದಲು ಕರೆಂಟಿನ ಸಾಮಾನುಗಳ ಪ್ಲಗ್ ತೆಗೆಯಿರಿ. ಮಿಕ್ಸರ್, ಬಿಸಿ ಕೌಂಟರ್, ಫ್ರೀಜರ್ ಮೇಲೆ ಪೈಪಿನಲ್ಲಿ ನೀರು ಬಿಡಬೇಡಿ. ಒಲೆಯ ಸುತ್ತಲಿನ ಸ್ಟೀಲ್ ಕೈ ಮುಟ್ಟುವಷ್ಟು ತಣಿಯಲಿ. ಪೂರ್ತಿ ತಣ್ಣಗಾಗುವುದು ಬೇಡ, ಜಿಡ್ಡು ಗಟ್ಟಿಯಾಗುತ್ತದೆ. ಉಗುರು ಬೆಚ್ಚಗೆ ಇರುವಾಗ ಕೆಲಸ ಸಲೀಸು.

ಆಮೇಲೆ ಒಣ ಕಸ ತೆಗೆಯಿರಿ. ಮೀನಿನ ಪೊರೆ, ತೆಂಗಿನ ತುರಿ, ಅನ್ನದ ಅಗುಳು ಎಲ್ಲವನ್ನೂ ಮರದ ಸಟ್ಟುಗದಿಂದಲೋ ಪ್ಲಾಸ್ಟಿಕ್ ಹಲಗೆಯಿಂದಲೋ ಎಳೆದು ಬುಟ್ಟಿಗೆ ಹಾಕಿ. ಚಾಕುವಿನಿಂದ ಕೆರೆಯಬೇಡಿ.

ಮೂರನೆಯದು ಸೋಪು. ಬಿಸಿ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ. ಬಟ್ಟೆಯನ್ನೋ ನೈಲಾನ್ ಸ್ಕ್ರಬ್ಬರನ್ನೋ ಅದ್ದಿ ಉಜ್ಜಿ. ಇಲ್ಲಿ ಒಂದು ಸೂಕ್ಷ್ಮ ಇದೆ. ಟೇಬಲ್ ಮೇಲೆ ಬೆಳಕು ಓರೆಯಾಗಿ ಬಿದ್ದಾಗ ನೋಡಿ, ಕೂದಲೆಳೆಯಂಥ ಗೆರೆಗಳು ಒಂದೇ ದಿಕ್ಕಿಗೆ ಹೋಗಿರುತ್ತವೆ. ಮರಕ್ಕೆ ನಾರು ಇರುವ ಹಾಗೆ. ಉಜ್ಜುವಾಗ ಕೈ ಆ ಗೆರೆಯ ಉದ್ದಕ್ಕೇ ಹೋಗಬೇಕು. ಅಡ್ಡ ಉಜ್ಜಿದರೆ, ಸುತ್ತ ಸುತ್ತ ಉಜ್ಜಿದರೆ ಹೊಸ ಗೀರು ಬೀಳುತ್ತದೆ, ಗೀರಿನಲ್ಲಿ ಉಪ್ಪು ಕೂರುತ್ತದೆ.

ನಾಲ್ಕನೆಯದು ತೊಳೆಯುವುದು. ಸೋಪಿನ ನೊರೆ ಹೋಗುವಷ್ಟಲ್ಲ, ಬೆರಳಾಡಿಸಿದರೆ ಜಾರದಷ್ಟು. ಯಾವ ನೀರು ಅನ್ನುವುದನ್ನೂ ನೋಡಬೇಕು. ಕಾಳಿ, ಅಘನಾಶಿನಿ ನದಿಗಳು ಕಡಲು ಸೇರುವ ಜಾಗದ ಆಸುಪಾಸಿನ ಎಷ್ಟೋ ಬಾವಿಗಳ ನೀರು ಏಪ್ರಿಲ್, ಮೇ ಬಂತೆಂದರೆ ಸವಳಾಗುತ್ತದೆ. ಆ ನೀರಿನಿಂದ ತೊಳೆದರೆ ಉಪ್ಪು ತೆಗೆದು ಉಪ್ಪು ಹಚ್ಚಿದ ಹಾಗೆ. ಮೊದಲ ಎರಡು ನೀರು ಬಾವಿಯದೇ ಇರಲಿ, ಕೊನೆಯ ಒಂದು ನೀರು ಮಾತ್ರ ನಲ್ಲಿಯ ಸಿಹಿನೀರು. ಬೇಸಿಗೆಯಲ್ಲಿ ನಾವು ಅದಕ್ಕೆಂದೇ ಒಂದು ಬಕೆಟ್ ತುಂಬಿಟ್ಟುಕೊಳ್ಳುತ್ತೇವೆ.

ಐದನೆಯದು ಒರೆಸುವುದು. ಇದನ್ನೇ ಎಲ್ಲರೂ ಬಿಡುವುದು, ನನಗೆ ಕೇಳಿದರೆ ಮುಖ್ಯವಾದದ್ದೂ ಇದೇ. ಬೇರೆಯೆಲ್ಲ ಮಾಡಿ ಒದ್ದೆ ಬಿಟ್ಟರೆ ನೀರು ಆರುತ್ತ ಆರುತ್ತ ಹನಿಯ ಅಂಚಿನಲ್ಲಿ ಉಪ್ಪು ಗಟ್ಟಿಯಾಗುತ್ತದೆ. ಕಂದು ಕಲೆ ಉಂಗುರದ ಆಕಾರದಲ್ಲಿ ಬರುವುದು ಇದೇ ಕಾರಣಕ್ಕೆ. ಹಳೆಯ ಪಂಚೆ, ಹತ್ತಿ ಬಟ್ಟೆ ಸಾಕು. ಸಿಂಕಿನ ಮೂಲೆ, ನಲ್ಲಿಯ ಬುಡ, ಟೇಬಲ್ಲಿನ ಅಂಚಿನ ಒಳಮಡಿಕೆ, ಟೇಬಲ್ ಕಾಲಿನ ತುದಿಯ ಬೂಟು, ಇವನ್ನು ಬೆರಳಿಗೆ ಬಟ್ಟೆ ಸುತ್ತಿ ಒರೆಸಿ. ಒರೆಸಿದ ಬಟ್ಟೆಯನ್ನು ಟೇಬಲ್ ಮೇಲೇ ಬಿಟ್ಟು ಹೋಗಬೇಡಿ. ಹಗ್ಗಕ್ಕೆ ಹಾಕಿ.

ಜೊತೆಗೆ ಟೇಬಲ್ ಮೇಲೆ ಕಬ್ಬಿಣ ಬಿಡಬೇಡಿ. ಈಳಿಗೆ, ದೋಸೆ ಕಾವಲಿ, ಎಣ್ಣೆಯ ಡಬ್ಬ. ಬೆಳಿಗ್ಗೆ ಎತ್ತಿದರೆ ಅಡಿಯಲ್ಲಿ ಕೆಂಪು ಅಚ್ಚು.

ಆಳುಗಳು ಕಡಿಮೆ ಇದ್ದ ದಿನ ಸೋಪನ್ನು ಬಿಟ್ಟರೂ ಪರವಾಗಿಲ್ಲ, ಕೊನೆಯ ನೀರು ಮತ್ತು ಒರೆಸುವುದನ್ನು ಬಿಡಬೇಡಿ ಅಂತ ಹೇಳಿದ್ದೇನೆ. ಸ್ಟೀಲಿನ ಮಟ್ಟಿಗೆ ಇದು ಸರಿ. ಮೀನು, ಮಾಂಸದ ಟೇಬಲ್ಲಿಗೆ ಮಾತ್ರ ಸೋಪಿಲ್ಲದೆ ನಡೆಯುವುದಿಲ್ಲ, ಅಲ್ಲಿ ಪ್ರಶ್ನೆ ಹೊಟ್ಟೆಯದು.

ಮೀನಿನ ಟೇಬಲ್, ಬ್ಲೀಚು

ಬಂಗಡೆ, ಸಿಗಡಿ ಹೆಚ್ಚಿದ ಟೇಬಲ್ಲಿನಲ್ಲಿ ರಕ್ತ, ಕಡಲ ನೀರು, ಐಸಿನ ಜೊತೆ ಬಂದ ಉಪ್ಪು ಎಲ್ಲ ಇರುತ್ತದೆ. ಇದನ್ನು ರಾತ್ರಿಯ ತನಕ ಕಾಯಿಸಬೇಡಿ. ಒಂದು ಬುಟ್ಟಿ ಮೀನು ಮುಗಿದ ಕೂಡಲೆ ತಣ್ಣೀರು ಹೊಯ್ದು ಎಳೆಯಿರಿ. ಮೊದಲೇ ಬಿಸಿ ನೀರು ಹಾಕಿದರೆ ರಕ್ತ ಬೆಂದು ಅಂಟಿಕೊಳ್ಳುತ್ತದೆ. ತಣ್ಣೀರು ಮೊದಲು, ಆಮೇಲೆ ಬಿಸಿ ನೀರು, ಸೋಪು.

ಕ್ರಿಮಿ ಸಾಯಲಿಕ್ಕೆ ಬ್ಲೀಚ್ ಬೇಕೇ ಬೇಕು ಅನ್ನುವವರಿದ್ದಾರೆ. ಬಳಸಿ, ಆದರೆ ಅಳತೆ ಮಾಡಿ. ಶೇ. 4ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ ತಂದರೆ 10 ಲೀಟರ್ ನೀರಿಗೆ 25 ಮಿ.ಲೀ. ಸಾಕು. ಅದು ಸುಮಾರು 100 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ ನೂರು ಪಾಲು ಆಗುತ್ತದೆ. ಡಬ್ಬಿಯ ಮೇಲೆ ಬೇರೆ ಅಂಕಿ ಇದ್ದರೆ ಅದಕ್ಕೆ ತಕ್ಕ ಹಾಗೆ ಲೆಕ್ಕ ಬದಲಿಸಿ. ಸೋಪು ಹಾಕಿ ತೊಳೆದ ಮೇಲೆ ಈ ನೀರು ಹಚ್ಚಿ, ಒಂದೆರಡು ನಿಮಿಷ ಬಿಟ್ಟು, ಸಿಹಿನೀರಿನಿಂದ ತೊಳೆದು ಒರೆಸಿ. ಕೊಳೆ ಇರುವಾಗಲೇ ಬ್ಲೀಚ್ ಸುರಿದರೆ ಅದರ ಶಕ್ತಿಯೆಲ್ಲ ಕೊಳೆಗೇ ಖರ್ಚಾಗುತ್ತದೆ, ಕ್ರಿಮಿ ಹಾಗೇ ಇರುತ್ತದೆ. ಪುಡಿ ಎರಚುವುದಂತೂ ಪೂರ್ತಿ ಬಿಡಿ. ಕರಗದ ಒಂದು ಕಾಳು ಕೂತಲ್ಲೇ ಒಂದು ಗುಂಡಿ ಮಾಡುತ್ತದೆ. ನನ್ನ ಸಿಂಕಿನ ಮೂಲೆಯ ಸಾಸಿವೆ ಕಾಳಿನ ಕಥೆ ಇದೇ.

ಉಪ್ಪು ಹಚ್ಚಿದ ಮೀನು, ಉಪ್ಪುನೀರಿನ ಮಾವಿನಮಿಡಿ, ಉಪ್ಪಿನಕಾಯಿ, ಇವನ್ನು ಸ್ಟೀಲ್ ಪಾತ್ರೆಯಲ್ಲಿ ದಿನಗಟ್ಟಲೆ ಇಡಬೇಡಿ. ಭರಣಿ, ಗಾಜು, ಆಹಾರಕ್ಕೆ ಯೋಗ್ಯವಾದ ಪ್ಲಾಸ್ಟಿಕ್ ಡ್ರಮ್ ಇದ್ದೇ ಇದೆ. ಹಳಬರು ಮಿಡಿ ಉಪ್ಪಿನಕಾಯಿಗೆ ಭರಣಿಯನ್ನೇ ನಂಬಿದ್ದು ಸುಮ್ನೆ ಅಲ್ಲ. ಅನ್ನಕ್ಕೋ ಸಾರಿಗೋ ಉಪ್ಪು ಹಾಕುವಾಗಲೂ ತಣ್ಣೀರಿಗೆ ಹಾಕಿ ಬಿಡಬೇಡಿ, ತಳಕ್ಕೆ ಇಳಿದು ಕೂರುತ್ತದೆ. ಕುದಿ ಬಂದ ಮೇಲೆ ಹಾಕಿ, ತಿರುವಿ. ಪಾತ್ರೆಯ ತಳದಲ್ಲಿ ಬಿಳಿ ಚುಕ್ಕೆ ಬರುವುದು ಅರ್ಧ ನಿಲ್ಲುತ್ತದೆ.

ವಾರದ ಕೆಲಸ

ಇಡ್ಲಿ ಸ್ಟೀಮರ್ ಮತ್ತು ಬಿಸಿ ಕೌಂಟರಿನ ನೀರಿನ ತೊಟ್ಟಿಯಲ್ಲಿ ಬಿಳಿ ಸುಣ್ಣ ಕಟ್ಟುತ್ತದೆ. ಬೋರ್‌ವೆಲ್ ನೀರಾದರೆ ಬೇಗ. ಈ ಪದರದ ಅಡಿಯಲ್ಲಿ ಗಾಳಿ ಆಡುವುದಿಲ್ಲ, ಅಲ್ಲೇ ಗುಂಡಿ ಬೀಳುತ್ತದೆ, ಗ್ಯಾಸೂ ಜಾಸ್ತಿ ಖರ್ಚು. ಕೆರೆಯುವುದು ಬೇಡ. ಕಿರಾಣಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು ತನ್ನಿ. ಹೆಸರಲ್ಲಿ ಉಪ್ಪಿದ್ದರೂ ಅದು ಸಿಟ್ರಿಕ್ ಆಮ್ಲ, ಕ್ಲೋರೈಡ್ ಅಲ್ಲ, ಹೆದರಬೇಡಿ. ಲೀಟರಿಗೆ 50 ಗ್ರಾಂ ಹಾಕಿ, ನೀರು ಬಿಸಿ ಮಾಡಿ, ಒಲೆ ಆರಿಸಿ, ಅರ್ಧ ಗಂಟೆ ಬಿಡಿ. ಸುಣ್ಣ ನೊರೆಬಂದು ಬಿಡುತ್ತದೆ. ಚೆಲ್ಲಿ ಎರಡು ಸಲ ತೊಳೆಯಿರಿ. ಇಡ್ಲಿ ತಟ್ಟೆ ಅಲ್ಯುಮಿನಿಯಂ ಆಗಿದ್ದರೆ ಅದನ್ನು ಮೊದಲೇ ಹೊರಗೆ ತೆಗೆದಿಡಿ, ಹುಳಿಗೆ ಅದು ಮಂಕಾಗುತ್ತದೆ.

ಹುಡ್ಡಿನ ಜಿಡ್ಡು ದೊಡ್ಡ ತಲೆನೋವು. ಮೀನು ಕರಿದ ಎಣ್ಣೆಯ ಹೊಗೆ ಫಿಲ್ಟರಿನಲ್ಲಿ ಕೂತು ಅಂಟಾಗುತ್ತದೆ. ಅದು ಕೊಳಕಷ್ಟೇ ಅಲ್ಲ, ಬೆಂಕಿಗೂ ದಾರಿ. ಕರಿಯುವ ಹೋಟೆಲಾದರೆ ವಾರಕ್ಕೊಮ್ಮೆ ಫಿಲ್ಟರ್ ಬಿಚ್ಚಿ ದೊಡ್ಡ ಟಬ್ಬಿನಲ್ಲಿ ಕುದಿ ನೀರು, ಪಾತ್ರೆ ಸೋಪು, ಒಂದು ಹಿಡಿ ಅಡುಗೆ ಸೋಡಾ ಹಾಕಿ ಅರ್ಧ ಗಂಟೆ ನೆನೆಸಿ. ಬ್ರಷ್‌ನಿಂದ ಉಜ್ಜಿ, ತೊಳೆದು, ಪೂರ್ತಿ ಒಣಗಿಸಿ ಹಾಕಿ. ಕಾಸ್ಟಿಕ್ ಸೋಡಾ ಹಾಕಿದರೆ ಬೇಗ ಆಗುತ್ತದೆ ಅಂತ ಯಾರಾದರೂ ಹೇಳುತ್ತಾರೆ. ಫಿಲ್ಟರ್ ಅಲ್ಯುಮಿನಿಯಂ ಆಗಿದ್ದರೆ ಕಾಸ್ಟಿಕ್ ಅದನ್ನೇ ಕರಗಿಸುತ್ತದೆ, ಉರಿಯುವ ಹೈಡ್ರೋಜನ್ ಅನಿಲವೂ ಏಳುತ್ತದೆ. ಕಣ್ಣಿಗೆ ಸಿಡಿದರೆ ಕಣ್ಣೇ ಹೋದೀತು. ನಮ್ಮ ಅಡುಗೆಮನೆಗೆ ಅದನ್ನು ಬಿಟ್ಟುಕೊಂಡಿಲ್ಲ.

ಒಲೆಯ ಹಿಂದಿನ ಗೋಡೆಯ ತಗಡಿನ ಮೇಲೆ ಸುಟ್ಟು ಕಪ್ಪಾದ ಎಣ್ಣೆಗೆ ಅಡುಗೆ ಸೋಡಾ ಮತ್ತು ನೀರಿನ ಗಟ್ಟಿ ಹಿಟ್ಟು ಹಚ್ಚಿ, ಮೇಲೆ ಬಿಸಿ ನೀರಲ್ಲಿ ಅದ್ದಿದ ಬಟ್ಟೆ ಹಾಸಿ ಅರ್ಧ ಗಂಟೆ ಬಿಡಿ. ಪಾತ್ರೆ ಬರಿದೆ ಕಾದು ಕಾಮನಬಿಲ್ಲಿನ ಬಣ್ಣ ಬಂದಿದ್ದರೆ ಅದು ಕೊಳೆಯಲ್ಲ, ಶಾಖಕ್ಕೆ ಪೊರೆ ದಪ್ಪವಾದದ್ದು. ವಿನೆಗರ್ ಒರೆಸಿದರೆ ಹೋಗುತ್ತದೆ. ಹೋಗದಿದ್ದರೂ ತೊಂದರೆ ಇಲ್ಲ.

ಫ್ರಿಜ್ಜಿನ ಬಾಗಿಲಿನ ರಬ್ಬರ್ ಪಟ್ಟಿಯನ್ನು ಬಿಡಿಸಿ ಮಡಿಕೆಯೊಳಗೆ ಒರೆಸಿ. ಹಿಡಿಕೆಯ ಹಿಂಭಾಗ ನೋಡಿ, ಉಪ್ಪು ಕೈಗಳು ಮುಟ್ಟುವ ಜಾಗ ಅದು.

ಕಡಲ ಕಡೆ ಮುಖ ಮಾಡಿದ ಹೊರಗಿನ ಸ್ಟೀಲ್, ಅಂದರೆ ಕೌಂಟರಿನ ಮುಂಭಾಗ, ರೇಲಿಂಗ್, ಚಿಮಣಿಯ ಕೊಳವೆ, ಇವನ್ನು ಅಕ್ಟೋಬರಿನಿಂದ ಮೇವರೆಗೆ ವಾರಕ್ಕೊಮ್ಮೆ ಸಿಹಿನೀರಿನಿಂದ ತೊಳೆಯಿರಿ. ಮಳೆಯಿಲ್ಲದ ತಿಂಗಳಲ್ಲಿ ಮಳೆಯ ಕೆಲಸ ನಾವೇ ಮಾಡಬೇಕು.

ತುಕ್ಕು ಬಂದಾಗಿದೆ, ಈಗೇನು?

ಮೊದಲು ಉಗುರು ಆಡಿಸಿ. ನುಣ್ಣಗಿದ್ದರೆ ತುಕ್ಕು ಮೇಲಷ್ಟೇ. ಉಗುರು ಸಿಕ್ಕಿಕೊಂಡರೆ ಗುಂಡಿ ಬಿದ್ದಾಗಿದೆ.

ಮೇಲಿನ ಕಲೆಗೆ ಅಡುಗೆ ಸೋಡಾದ ಹಿಟ್ಟಿನಿಂದ ಶುರು ಮಾಡಿ, ಗೆರೆಯ ಉದ್ದಕ್ಕೆ ಮೆಲ್ಲಗೆ ಉಜ್ಜಿ. ಕಂದು ಕಲೆ ಹೊಸದಾದರೆ ಇಷ್ಟಕ್ಕೇ ಹೋಗುತ್ತದೆ. ಹೋಗದಿದ್ದರೆ ನಿಂಬೆ ಉಪ್ಪಿನ ಬಿಸಿ ದ್ರಾವಣದಲ್ಲಿ ಬಟ್ಟೆ ಅದ್ದಿ ಕಲೆಯ ಮೇಲೆ ಹಾಸಿ, ಅರ್ಧ ಗಂಟೆ. ಅದಕ್ಕೂ ಜಗ್ಗದಿದ್ದರೆ ಆಕ್ಸಾಲಿಕ್ ಆಮ್ಲದ ಪುಡಿ, ಕೆಮಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಲೀಟರ್ ಬೆಚ್ಚಗಿನ ನೀರಿಗೆ 50 ಗ್ರಾಂ. ಹಚ್ಚಿ ಹತ್ತು ನಿಮಿಷ ಬಿಟ್ಟು ಒರೆಸಿ. ಇದು ವಿಷ. ರಬ್ಬರ್ ಗ್ಲೌಸ್ ಬೇಕೇ ಬೇಕು, ಪುಡಿ ಮೂಗಿಗೆ ಹೋಗಬಾರದು, ಆಹಾರ ಮುಟ್ಟುವ ಜಾಗವಾದರೆ ಮೂರು ನಾಲ್ಕು ಸಲ ತೊಳೆಯಬೇಕು. ಡಬ್ಬಿಗೆ ಹೆಸರು ಬರೆದು, ಸಕ್ಕರೆ, ಉಪ್ಪು ಇರುವ ಕಡೆಯಿಂದ ದೂರ ಇಡಿ. ನೋಡಲು ಎರಡರ ಹಾಗೂ ಇದೆ.

ಕಲೆ ಹೋದ ಮೇಲೆ ತೊಳೆದು ಒರೆಸಿ, ಒಂದು ದಿನ ಆ ಜಾಗವನ್ನು ಒಣಗಿರಲು ಬಿಡಿ. ಪೊರೆ ಮತ್ತೆ ಕಟ್ಟಲಿ.

ಗುಂಡಿಯನ್ನು ಮುಚ್ಚುವ ಪುಡಿ ಯಾವುದೂ ಇಲ್ಲ. ಒಳಗಿನ ತುಕ್ಕು ತೆಗೆದು, ದಿನಾ ಒರೆಸಿ, ಬೆಳೆಯದಂತೆ ನೋಡಿಕೊಳ್ಳಬಹುದು ಅಷ್ಟೇ. ನನ್ನ ಹಳೆಯ ಸಿಂಕಿನ ಗುಂಡಿಗಳು ಇವತ್ತಿಗೂ ಅಷ್ಟೇ ಇವೆ, ಹೆಚ್ಚಾಗಿಲ್ಲ. ಸೋರತೊಡಗಿದರೆ ಮಾತ್ರ ಬದಲಿಸಬೇಕು.

ತುಕ್ಕು ಬೆಸುಗೆ ಹಾಕಿದ ಜಾಗದಲ್ಲೇ ಬರುತ್ತಿದ್ದರೆ ನಿಮ್ಮ ತಪ್ಪಲ್ಲ. ವೆಲ್ಡಿಂಗ್ ಮಾಡಿದ ಮೇಲೆ ನೀಲಿ, ಕಪ್ಪು ಬಣ್ಣದ ಸುಟ್ಟ ಪದರವನ್ನು ತೆಗೆಯದೆ ಕೊಟ್ಟಿರುತ್ತಾರೆ. ಅದನ್ನು ತೆಗೆಯುವ ಪೇಸ್ಟಿನಲ್ಲಿ ಹೈಡ್ರೋಫ್ಲೋರಿಕ್ ಆಮ್ಲ ಇರುತ್ತದೆ, ಮನೆಯಲ್ಲಿ ಮುಟ್ಟುವಂಥದ್ದಲ್ಲ. ಮಾಡಿದವರಿಂದಲೇ ಮಾಡಿಸಿ. ಸ್ಕ್ರೂ, ನಟ್ಟುಗಳ ತಲೆಯಲ್ಲಿ ಬಂದರೆ ಅವು ಸಾದಾ ಕಬ್ಬಿಣದವು. ಬಿಚ್ಚಿ ಸ್ಟೀಲಿನದು ಹಾಕಿಸಿ.

ಬಾಗಿಲು ಹಾಕುವ ದಿನಗಳಲ್ಲಿ

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಬಂದ್. ಆಗ ಕೆಲವರು ಹೋಟೆಲಿಗೂ ಸ್ವಲ್ಪ ದಿನ ಬೀಗ ಹಾಕುತ್ತಾರೆ. ಸ್ಟೀಲ್ ಹಾಳಾಗುವುದು ದುಡಿಯುವಾಗ ಮಾತ್ರ ಅಲ್ಲ, ಹೀಗೆ ಮೂಲೆಯಲ್ಲಿ ಕೂತಾಗಲೂ.

ಬೀಗ ಹಾಕುವ ಮೊದಲು ಎಲ್ಲವನ್ನೂ ಮೇಲೆ ಹೇಳಿದ ಕ್ರಮದಲ್ಲಿ ತೊಳೆದು ಒಣಗಿಸಿ. ಟೇಬಲ್ಲನ್ನು ಗೋಡೆಯಿಂದ ಒಂದು ಗೇಣು ಮುಂದೆ ಎಳೆಯಿರಿ. ಪಾತ್ರೆಗಳನ್ನು ಒಂದರೊಳಗೊಂದು ಒತ್ತಿ ಇಡದೆ ಬೋರಲು ಹಾಕಿ. ಫ್ರಿಜ್ಜಿನ ಬಾಗಿಲು ಸ್ವಲ್ಪ ತೆರೆದಿರಲಿ. ಮೇಲೆ ಪ್ಲಾಸ್ಟಿಕ್ ಟಾರ್ಪಾಲು ಹೊದಿಸಬೇಡಿ, ಒಳಗೆ ಬೆವರುತ್ತದೆ. ಹಳೆಯ ಹತ್ತಿ ಸೀರೆ ಸಾಕು.

ಎಣ್ಣೆ ಸವರಬೇಕೇ ಅಂತ ಕೇಳುತ್ತಾರೆ. ನಾನೂ ಮೊದಲ ವರ್ಷ ಕೊಬ್ಬರಿ ಎಣ್ಣೆ ಸವರಿದ್ದೆ. ಆಗಸ್ಟಿನಲ್ಲಿ ಬಾಗಿಲು ತೆಗೆದಾಗ ಎಣ್ಣೆ ಕಮಟಾಗಿ ಅಂಟಾಗಿತ್ತು, ಅದರ ಮೇಲೆ ಧೂಳು, ಇರುವೆ. ಸವರಲೇಬೇಕು ಅಂದರೆ ಆಹಾರಕ್ಕೆ ಯೋಗ್ಯವಾದ ಮಿನರಲ್ ಆಯಿಲ್ ಒಂದೆರಡು ಹನಿ ಬಟ್ಟೆಗೆ ಹಾಕಿ, ಕೈಗೆ ಹತ್ತದಷ್ಟು ತೆಳುವಾಗಿ ಸವರಿ. ಸ್ಟೀಲ್ ಪೂರ್ತಿ ಒಣಗಿದ ಮೇಲೆ ಮಾತ್ರ. ಒದ್ದೆಯ ಮೇಲೆ ಎಣ್ಣೆ ಹಚ್ಚಿದರೆ ನೀರಿಗೆ ಮುಚ್ಚಳ ಹಾಕಿದ ಹಾಗೆ.

ಹದಿನೈದು ದಿನಕ್ಕೊಮ್ಮೆ ಹೋಗಿ ಬೀಗ ತೆಗೆದು, ಕಿಟಕಿ ತೆರೆದು, ಒಂದು ಸಲ ಒಣ ಬಟ್ಟೆಯಲ್ಲಿ ಒರೆಸಿ ಬನ್ನಿ. ಅರ್ಧ ತಾಸಿನ ಕೆಲಸ. ಹೋಗುವಾಗ ಒಣ ಬಟ್ಟೆ ಮನೆಯಿಂದಲೇ ಒಯ್ಯಿರಿ, ಜುಲೈನಲ್ಲಿ ಅಲ್ಲಿ ಇಟ್ಟದ್ದು ಒಣಗಿರುವುದಿಲ್ಲ.